ಕಪ್ಪಾಗುವ ಪದಕ

ಇಪ್ಪತ್ತೈದು ವರ್ಷ ಸರ್ಕಾರದ ಚಾಕರಿ ಮಾಡಿದವರ ಎದೆಗೆ ಹಿತ್ತಾಳೆಯ ಪದಕ ಚುಚ್ಚುತ್ತಿದ್ದರು. ಮನಸ್ಸಿನಲ್ಲೇ ಸರ್ಕಾರವನ್ನು ಬೈದುಕೊಂಡರೂ ಸಾಕು, ಅದು ಕಪ್ಪಾಗುತ್ತಿತ್ತು. ಆಮೇಲೆ ಜೀಪು ಬರುತ್ತಿತ್ತು. ಪದಕ ಕಪ್ಪಾದ ಇನ್ನೊಬ್ಬರನ್ನು ತಾವೇ ಮೊದಲು ಕೂಗಿ ಹಿಡಿದುಕೊಟ್ಟವರು ಮಾತ್ರ ಬಚಾವು.

ನೀರು ಸರಬರಾಜು ಕಚೇರಿಯ ಗುಮಾಸ್ತೆ ಪಂಕಜಾಕ್ಷಿಯ ತಮ್ಮನನ್ನು ನಿನ್ನೆಯಷ್ಟೇ ಜೀಪು ಒಯ್ದಿತ್ತು. ಬೆಳಿಗ್ಗೆ ನೋಡಿದರೆ ಅವಳ ಪದಕ ರೊಟ್ಟಿ ಹಂಚಿನ ಹಾಗೆ ಕಪ್ಪಗಾಗಿತ್ತು.

"ಇವತ್ತೇ ತಪಾಸಣೆ ಕಣ್ರೀ! ಏನ್ ಮಾಡ್ಲಿ ಈಗ?"

ಗಂಡ ತಿಪ್ಪೇಶ ಅಡುಗೆಮನೆಯಿಂದ ಹುಣಸೆಹಣ್ಣು ತಂದ. "ತಿಕ್ಕು. ದೇವರ ದೀಪಾನೇ ಬೆಳಗುತ್ತೆ, ಇದ್ಯಾವ ಲೆಕ್ಕ?"

ಪದಕವೇನೋ ಫಳಫಳ ಹೊಳೆಯಿತು. ಹುಳಿ ವಾಸನೆ ಮಾತ್ರ ಎಷ್ಟು ತೊಳೆದರೂ ಹೋಗಲಿಲ್ಲ.

ಕಚೇರಿಯಲ್ಲಿ ಎಲ್ಲರೂ ಸಾಲಾಗಿ ನಿಂತರು. ತಪಾಸಣೆಗೆ ಬಂದ ಸಾಹೇಬರು ಅವಳ ಪದಕದತ್ತ ಬಗ್ಗಿ ಮೂಗರಳಿಸಿದರು.

"ಏನಮ್ಮಾ ಇದು ವಾಸನೆ?"

ಪಂಕಜಾಕ್ಷಿ ತಲೆ ತಗ್ಗಿಸಿದಳು. ಕಣ್ಣೆದುರಿಗೇ ಸಾಹೇಬರ ಪದಕ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ಹುಣಸೆಯ ನಾರೊಂದು ಸಿಕ್ಕಿಕೊಂಡಿತ್ತು.

ಅವಳು ನೋಡಿದ್ದನ್ನು ಅವರೂ ನೋಡಿದರು. ಹೊರಗೆ ಜೀಪು ಗುರುಗುಡುತ್ತಿತ್ತು.

ಇಬ್ಬರೂ ಒಟ್ಟಿಗೇ ಬಾಯಿ ತೆರೆದರು.