ಬಾಲ್ಕನಿಯ ಹಸಿರು ಬಾಟಲಿ

ಕಿಮ್ಚಿ ಉಪ್ಪಿನಕಾಯಿಯ ಜಾಡಿಗಳ ಹಿಂದೆ ಕೈ ಹಾಕಿದ ಒಕ್‌ಬುನ್‌ಗೆ ಒಂದರ ಬದಲು ಎರಡು ಬಾಟಲಿ ಸಿಕ್ಕವು. ಒಂದು ಅವಳದೇ, ಮೀನಿನ ವಾಸನೆ ತೆಗೆಯಲು ಇಟ್ಟ ಅಡುಗೆಯ ಸೋಜು ಮದ್ಯ. ಚುನ್‌ಚನ್ ಊರಿನ ಚಳಿಗೆ ಬಾಲ್ಕನಿಯಲ್ಲಿ ಬಕೆಟ್ಟಿನ ನೀರು ಕಲ್ಲಾದರೂ ಅದೊಂದು ಹೆಪ್ಪುಗಟ್ಟುತ್ತಿರಲಿಲ್ಲ. ಇನ್ನೊಂದು ಬಾಟಲಿ ಅವಳದಲ್ಲ. ಅದೂ ಹಸಿರು ಸೋಜು ಬಾಟಲಿಯೇ, ಅರ್ಧ ಖಾಲಿಯಾಗಿತ್ತು.

ಮೂವತ್ತು ವರ್ಷ ಗಂಡನ ಕುಡಿತಕ್ಕೆ ಹಿಡಿಶಾಪ ಹಾಕಿದ ಹೆಂಗಸು ಅದನ್ನು ಎದೆಗವಚಿಕೊಂಡು ನೆಲದ ಮೇಲೆ ಕುಳಿತು ಅತ್ತಳು. ಸಂತೋಷಕ್ಕೆ ಅತ್ತಳು.

ಹಿಂದಿನ ವಾರ ಆಸ್ಪತ್ರೆಯಲ್ಲಿ ಗಂಡ ಕಿತೇಯ ಥೈರಾಯ್ಡ್‌ನಲ್ಲಿ ಗಂಟು ಕಂಡಿತ್ತು. ರಕ್ತದಲ್ಲಿ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನು ಇರಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ಇದು ಕೆಟ್ಟ ಕ್ಯಾನ್ಸರಿನ ಗುರುತಾಗಿರಬಹುದು, ಕೆಲವರಿಗೆ ಬರೀ ಕುಡಿತದಿಂದಲೂ ಏರುತ್ತದೆ ಎಂದ ಡಾಕ್ಟರು, ನೀವು ಕುಡಿಯುತ್ತೀರಾ ಎಂದು ಕೇಳಿದ್ದರು. ಅಣ್ಣ ಸತ್ತ ಮೇಲೆ ಮುಟ್ಟಿಲ್ಲ, ಮೂರು ವರ್ಷವಾಯಿತು ಎಂದಿದ್ದ ಕಿತೇ. ಡಾಕ್ಟರು ಮತ್ತೇನೂ ಕೇಳದೆ ಗಂಟಿಗೆ ಸೂಜಿ ಚುಚ್ಚಿ ನೋಡಲು ದಿನ ಗೊತ್ತುಮಾಡಿದರು.

ಅಂದಿನಿಂದ ಒಕ್‌ಬುನ್‌ಗೆ ಅನ್ನ ಸೇರುತ್ತಿರಲಿಲ್ಲ. ಮಗಳು ಸೋರಾಳ ಮದುವೆ ಡಿಸೆಂಬರಿನಲ್ಲಿ ನಿಶ್ಚಯವಾಗಿತ್ತು. ಮುಂದೂಡೋಣ ಎಂದು ಒಕ್‌ಬುನ್ ಹಟ ಹಿಡಿದಿದ್ದಳು. ಅಪ್ಪ ಹೀಗಿರುವಾಗ ಯಾವ ಬಾಯಲ್ಲಿ ನಗುವುದು?

ಈಗ ಬಾಟಲಿ ಸಿಕ್ಕಿತ್ತು. ಗಂಡ ಸುಳ್ಳುಗಾರ. ದೇವರ ದಯೆ, ಶುದ್ಧ ಸುಳ್ಳುಗಾರ.

ಸಂಜೆ ಅವಳು ಅದನ್ನು ಊಟದ ಮೇಜಿನ ಮೇಲೆ ಕುಕ್ಕಿದಳು.

"ಇದೇನ್ರೀ?"

ಕಿತೇ ತಲೆ ತಗ್ಗಿಸಿದ. "ಸಿಕ್ಕಿಬಿದ್ದೆ ಕಣೇ."

"ರಕ್ತ ಕೊಡೋ ಹಿಂದಿನ ದಿನಾನೂ ಕುಡಿದಿದ್ರಾ?"

"ಎರಡು ಬಾಟಲಿ."

"ಈ ವಯಸ್ಸಲ್ಲಿ ಕಳ್ಳತನ. ನಾಚಿಕೆ ಆಗಲ್ವಾ ನಿಮಗೆ?" ಎನ್ನುತ್ತಲೇ ಅವನ ಬಟ್ಟಲಿಗೆ ಅನ್ನ ಒತ್ತಿ ಒತ್ತಿ ತುಂಬಿದಳು. ತಾನೂ ಎರಡು ಸಲ ಬಡಿಸಿಕೊಂಡಳು.

ಮರುದಿನ ಅವನೇ ಬಾಲ್ಕನಿಯ ಗಾಜಿನ ಬಾಗಿಲೆಳೆದುಕೊಂಡು ಡಾಕ್ಟರಿಗೆ ಫೋನು ಮಾಡಿದ. ಒಳಗೆ ಬಂದು ಸದ್ಯಕ್ಕೆ ಸೂಜಿ ಬೇಡವಂತೆ, ಎರಡು ವಾರ ಕುಡಿತ ಬಿಟ್ಟು ಮತ್ತೆ ರಕ್ತ ಕೊಡಬೇಕಂತೆ ಎಂದ. ಹಾಗಾದರೆ ಇವತ್ತೇ ಬಿಡಿ ಎಂದು ಅವಳು ಗಂಟುಬಿದ್ದಳು.

"ಮದುವೆ ಮುಗೀಲಿ, ಆಮೇಲೆ ಎಲ್ಲಾ ನೀ ಹೇಳಿದ ಹಾಗೆ. ಈಗ ಬಿಟ್ರೆ ಕೈ ನಡುಗುತ್ತೆ. ಮಗಳ ಕೈ ಹಿಡ್ಕೊಂಡು ನಡೀಬೇಕಲ್ಲ ನಾನು."

ಅವಳು ಗೊಣಗುತ್ತಲೇ ಒಪ್ಪಿದಳು.

ದಿನಾ ಸಂಜೆ ಅವನು ಬಾಲ್ಕನಿಯಲ್ಲಿ ಕುಳಿತು ಬಾಟಲಿ ಎತ್ತುತ್ತಿದ್ದ. ಅಡುಗೆಮನೆಯಿಂದ ಅವಳು ಹಳೆಯ ಬೈಗುಳಗಳನ್ನೆಲ್ಲ ಹೊಸದಾಗಿ ಬೈಯುತ್ತಿದ್ದಳು, ಬೈದು ಹಗುರಾಗುತ್ತಿದ್ದಳು. ಹಿಂದೆಲ್ಲ ಒಂದೇ ಬಟ್ಟಲಿಗೆ ಅವನ ಮುಖ ಮೆಣಸಿನಪುಡಿಯಂತೆ ಕೆಂಪಾಗುತ್ತಿತ್ತು. ಈಗ ಇಲ್ಲ. ಕದ್ದು ಕುಡಿದು ಕುಡಿದು ಮುಖಕ್ಕೂ ಅಭ್ಯಾಸವಾಗಿದೆ ಎಂದುಕೊಂಡಳು. ಬಾಯಿಂದ ಬರೀ ಬೆಳ್ಳುಳ್ಳಿ ವಾಸನೆ; ಅದೂ ಕಳ್ಳನ ಜಾಣತನ. ದನಿ ಒಡೆಯತೊಡಗಿತು. ಆ ಪಾಪವೂ ಸೋಜುವಿನ ತಲೆಗೇ ಹೋಯಿತು.

ಆ ವರ್ಷ ಚಳಿ ತಡವಾಗಿ ಬಂತು. ಮದುವೆಯ ದಿನವೂ ಬಿಸಿಲಿತ್ತು. ಕಿತೇ ಮಗಳ ಕೈ ಹಿಡಿದು ಒಂದು ಹೆಜ್ಜೆಯೂ ತಪ್ಪದೆ ನಡೆದ. ಊಟದಲ್ಲಿ ಪಕ್ಕದಲ್ಲಿಟ್ಟುಕೊಂಡ ಬಾಟಲಿಯಿಂದ ತಾನೇ ಬಗ್ಗಿಸಿಕೊಂಡು ಕುಡಿದ. ಇಷ್ಟು ಕುಡಿದರೂ ಮುಖದ ಬಣ್ಣ ಬದಲಾಗಿಲ್ಲವಲ್ಲ ಎಂದು ಬೀಗರು ಕಾಲೆಳೆದರು. ಅದು ಸಭಾಂಗಣದವರು ಮುಖಕ್ಕೆ ಬಳಿದ ಪೌಡರು ಎಂದು ಒಕ್‌ಬುನ್ ನಕ್ಕಳು. ಬಹಳ ದಿನಗಳ ಮೇಲೆ ಮನಸಾರೆ ನಕ್ಕಿದ್ದಳು. ಕಿತೇ ಅವಳು ನಗುವುದನ್ನೇ ನೋಡುತ್ತಿದ್ದ. ಮನೆಗೆ ಬಂದು, ನಾಳೆಯಿಂದ ಮುಟ್ಟುವುದಿಲ್ಲ ಎಂದು ತುಂಬಿದ ಬಾಟಲಿಯೊಂದನ್ನು ಜಾಡಿಗಳ ಹಿಂದೆ ಇಟ್ಟು ಮಲಗಿದ.

ಆ ರಾತ್ರಿ ಕೊರೆಯುವ ಚಳಿ ಒಮ್ಮೆಲೇ ಕವಿಯಿತು.

ಬೆಳಿಗ್ಗೆ ಒಕ್‌ಬುನ್ ಗಂಡನಿಗೆ ಇಷ್ಟವಾದ ಬಂಗುಡೆ ಸಾರಿಗೆಂದು ಬಾಲ್ಕನಿಗೆ ಹೋದಳು. ಇಂದಿನಿಂದ ಎರಡು ವಾರ, ಆಮೇಲೆ ರಕ್ತ ಕೊಟ್ಟರೆ ಈ ದುಃಸ್ವಪ್ನ ಮುಗಿಯಿತು. ಬಕೆಟ್ಟಿನ ನೀರು ಕಲ್ಲಾಗಿತ್ತು. ಅವಳು ಜಾಡಿಗಳ ಹಿಂದೆ ಕೈ ಹಾಕಿ ಅಡುಗೆಯ ಸೋಜು ತೆಗೆದಳು. ಅದು ಎಂದಿನಂತೆ ಕೈಯಲ್ಲಿ ಕುಲುಕಾಡಿತು.

ಪಕ್ಕದಲ್ಲಿದ್ದ ಕಿತೇಯ ಬಾಟಲಿ ತಳದಿಂದ ಕತ್ತಿನವರೆಗೆ ಹೆಪ್ಪುಗಟ್ಟಿ ಬಿರುಕುಬಿಟ್ಟಿತ್ತು.