ಅತ್ತೆಯ ಅಳತೆ

"ಎಂಟು ತಿಂಗಳು ತುಂಬೈತೆ. ಕೂಸು ಒಂದೂಕಾಲು ಕೆಜಿನೂ ಇಲ್ಲ," ಎಂದಳು ನರ್ಸ್ ಅರುಣಾ, ಸ್ಕ್ಯಾನಿಂಗ್ ಚೀಟಿ ಓದಿ. ಬೆಂಚಿನ ಮೇಲೆ ಕೂತಿದ್ದ ಬಸುರಿ ಸುನಿತಾ ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ಅತ್ತೆ ಉಚ್ಚಂಗೆಮ್ಮ ಮಾತ್ರ ಎರಡೂ ಕೈ ಎತ್ತಿ ಮುಗಿದಳು.

"ದೇವರು ಕಣ್ಣು ಬಿಟ್ಟ. ಸಣ್ಣದಾದ್ರೆ ಸಲೀಸಾಗಿ ಹೊರಗೆ ಬರ್ತೈತೆ."

ಜಗಳೂರಿನಲ್ಲಿ ಹನ್ನೊಂದು ವರ್ಷದಿಂದ ಬಸುರಿಯರನ್ನು ನೋಡುತ್ತಿರುವ ಅರುಣಾ, ಕೂಸು ಸಣ್ಣದು ಎಂದರೆ ಅತ್ತವರನ್ನು ಕಂಡಿದ್ದಳು, ಸೊಸೆಯನ್ನು ಬೈದವರನ್ನೂ ಕಂಡಿದ್ದಳು. ಕೈ ಮುಗಿದವರನ್ನು ಕಂಡದ್ದು ಇದೇ ಮೊದಲು. "ದಿನಾ ಎಷ್ಟು ಉಣ್ತೀಯವ್ವಾ?" ಎಂದು ಸುನಿತಾಳನ್ನು ಕೇಳಿದಳು. ಉತ್ತರ ಅತ್ತೆಯಿಂದ ಬಂತು, ಅದೂ ಹೆಮ್ಮೆಯಿಂದ.

"ಹೊತ್ತಿಗೆ ಅರ್ಧ ರೊಟ್ಟಿ. ರಕ್ತದ ಮಾತ್ರೆ ಒಂದೂ ನುಂಗಿಸಿಲ್ಲ. ಕೂಸು ದಪ್ಪ ಆಗ್ತೈತೆ ಅಂತಾರಲ್ಲ."

ಅರುಣಾಳಿಗೆ ಸಿಟ್ಟು ನೆತ್ತಿಗೇರಿತು. "ಉಪವಾಸ ಕೆಡವಿ ಕೊಲ್ಲಾಕೆ ಹೊಂಟೀರೇನಮ್ಮಾ?"

"ಉಣಿಸಿ ಕೊಂದಾಗೈತೆ ನರ್ಸಮ್ಮಾ," ಎಂದಳು ಉಚ್ಚಂಗೆಮ್ಮ. "ನನ್ನ ಮಗಳು ಪುಷ್ಪಾ. ಚೊಚ್ಚಲು ಬಸುರಿ ಅಂತ ಬೆಣ್ಣೆ, ಬೆಲ್ಲ, ಶೇಂಗಾ, ಕೇಳಿದ್ದೆಲ್ಲ ಕೈಯಾರೆ ತಿನ್ನಿಸಿದೆ. ಕೂಸು ನಾಕು ಕೆಜಿ ಬೆಳೀತು. ಹೊರಗೆ ಬರಾಕೇ ಆಗಲಿಲ್ಲ. ದಾವಣಗೆರೆ ದಾರಿಯಾಗೇ ಇಬ್ರೂ ಹೋದ್ರು. ಸೊಸೆ ಅನ್ನೋ ಸಿಟ್ಟಿಗೆ ಅರ್ಧ ರೊಟ್ಟಿ ಹಾಕಿಲ್ಲ ನಾನು. ಇವಳಾದ್ರೂ ಉಳೀಲಿ ಅಂತ ಹಾಕೀನಿ."

ಸೊಸೆಯ ತುತ್ತು ಅಳೆಯುವ ಅತ್ತೆಯರಿಗೆ ಯಾವ ಸೀಮೆಯಲ್ಲೂ ಬರವಿಲ್ಲ. ಅಂಥವಳೇ ಆಗಿದ್ದರೆ ಅರುಣಾ ಗದರಿಸಿ ಕಳಿಸುತ್ತಿದ್ದಳು. ಈಗ ಬೈಯುವ ಬದಲು ಅವಳು ಸುನಿತಾಳ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದಳು. ಒಳಗೆ ಕೆಂಪೇ ಇರಲಿಲ್ಲ.

"ನೋಡ್ರಿ ಅಮ್ಮಾ. ಇವಳ ರಕ್ತದಾಗಿನ ಸಾರ ಹೊಕ್ಕುಳಬಳ್ಳಿಯಾಗೆ ಇಳಿದ್ರೇನೇ ಒಳಗಿನ ಕೂಸಿಗೆ ಊಟ. ಅದಕ್ಕೆ ಬೇರೆ ಒಲೆ ಇಲ್ಲ. ನೀವು ಕೊಡದೇ ಇದ್ದದ್ದನ್ನ ಇಷ್ಟು ದಿನ ಇವಳ ಮೂಳೆಯಿಂದ, ರಕ್ತದಿಂದಾನೇ ತಗೊಂಡೈತೆ. ಈಗ ಇವಳ ಹತ್ರನೂ ಮುಗೀತಾ ಬಂದೈತೆ. ಪುಷ್ಪಾ ಹೋಗಿದ್ದು ನಿಮ್ಮ ಕೈತುತ್ತಿಗಲ್ಲ, ಆಸ್ಪತ್ರೆ ಮುಟ್ಟೋದು ತಡ ಆಗಿದ್ದಕ್ಕೆ. ಕೂಸು ದೊಡ್ಡದಾದ್ರೆ ದೊಡ್ಡಾಸ್ಪತ್ರೆಗೆ ಮೊದಲೇ ಕಳಿಸ್ತೀನಿ. ಮೈಯಾಗೆ ರಕ್ತನೇ ಇಲ್ದೋಳನ್ನ ಎಲ್ಲಿಗೆ ಕಳಿಸ್ಲಿ, ಹೇಳ್ರಿ."

ಉಚ್ಚಂಗೆಮ್ಮ ಮಾತ್ರೆಯ ಪೊಟ್ಟಣ ಇಸಿದುಕೊಂಡು, ಸೊಸೆಯ ರಟ್ಟೆ ಹಿಡಿದು ಹೊರಗೆ ಬಂದಳು. ಅಂಗಳದ ಬೇವಿನ ನೆರಳಲ್ಲಿ ಅವಳನ್ನು ಕೂರಿಸಿ ಬುತ್ತಿ ಬಿಚ್ಚಿದಳು. ಅಭ್ಯಾಸಬಲದಿಂದ ಅರ್ಧ ರೊಟ್ಟಿ ಮುರಿದುಕೊಟ್ಟಳು. ಸುನಿತಾ ತಿಂದಳು. ಉಳಿದರ್ಧವನ್ನೂ ಕೊಟ್ಟಳು. ಅದನ್ನೂ ತಿಂದು ಸುನಿತಾ, ಹೆದರುತ್ತ ಹೆದರುತ್ತ, ಕೈ ಚಾಚಿದಳು.

"ಅತ್ತೇ, ಇನ್ನೊಂದು."

ಉಚ್ಚಂಗೆಮ್ಮ ಕೊಟ್ಟಳು. ಕೊಟ್ಟು, ಸೊಸೆ ಅಗಿಯುವುದನ್ನು ನೋಡಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.