ಮೊದಲ ಪಂಕ್ತಿಯ ಕೆಂಪು ಕೈಗಳು

ರಕ್ತ ಕೊಟ್ಟವರ ಮಣಿಕಟ್ಟು ಮೂರು ತಿಂಗಳು ಕೆಂಪಗೆ ಮಿನುಗುತ್ತದೆ. ಮದುವೆಮನೆಯಲ್ಲಿ ಮೊದಲ ಪಂಕ್ತಿ ಅವರಿಗೇ ಮೀಸಲು. ರಕ್ತನಿಧಿಯಲ್ಲಿ ಟೆಕ್ನಿಷಿಯನ್ ಆಗಿದ್ದ ಜಯಶೀಲಾಗೆ ರಕ್ತಹೀನತೆ, ರಕ್ತ ಕೊಡುವಂತಿಲ್ಲ. ಎಂದಿನಂತೆ ಕಂಬಕ್ಕೊರಗಿ ಎರಡನೇ ಪಂಕ್ತಿಗೆ ಕಾಯುತ್ತಿದ್ದಳು.

ಎಲೆಯ ಮುಂದೆ ಕೂತಿದ್ದ ಭಾವ ಚಿಕ್ಕಲಿಂಗಯ್ಯ ಮಿನುಗುವ ಕೈ ಎತ್ತಿ ತೋರಿಸಿದ.

"ಹನ್ನೆರಡನೇ ಸಲ ಕಣಮ್ಮ! ನೀನು ಒಂದು ತೊಟ್ಟಾದ್ರೂ ಕೊಟ್ಟಿದ್ದೀಯಾ?"

ಹೋಳಿಗೆಯ ಆಸೆಗೆ ತನಗೆ ಹಿಂದೆ ಬಂದು ರಕ್ತದಲ್ಲೇ ಉಳಿದಿದ್ದ ಕಾಮಾಲೆಯನ್ನೇ ಮುಚ್ಚಿಟ್ಟಿದ್ದ ಮಹಾನುಭಾವ! ಅವನು ಕೊಟ್ಟ ಹನ್ನೆರಡು ಬಾಟಲಿಗಳನ್ನೂ ಪರೀಕ್ಷೆಯಲ್ಲಿ ಹಿಡಿದು ಬಿಸಾಕಿದವಳು ಇವಳೇ. ಇಂಥದ್ದನ್ನು ಹೊರಗೆ ಹೇಳಿದರೆ ಶಿಬಿರಕ್ಕೆ ಜನ ಬರುವುದಿಲ್ಲವೆಂದು ಮೇಲಿನವರು ಬಾಯಿ ಮುಚ್ಚಿಸಿದ್ದರು.

ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅವನು ಕೇಳಿದ: "ನನ್ನ ರಕ್ತದಿಂದ ಎಷ್ಟು ಜನ ಉಳ್ಕೊಂಡಿರಬೋದು?"

ಇಡೀ ಪಂಕ್ತಿಗೆ ಕೇಳುವಂತೆ ಜಯಶೀಲಾ ಹೇಳಿದಳು:

"ಎಲ್ರೂ ಉಳ್ಕೊಂಡ್ರು ಭಾವ. ಹನ್ನೆರಡು ಸಲಾನೂ ನಾನೇ ಬಿಸಾಕಿದ್ದೀನಿ."